ಬಾಟಲಿಗೆ ಗೋಲಿ, ಲಾಟ್ವಿಯಾಕ್ಕೆ ಗೋಲ್‌ಕೀಪರ್

2023ರ ಮೇ 28, ಭಾನುವಾರ. ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್ ಇತ್ತು, ಮಳೆ ಬಿಡಲೇ ಇಲ್ಲ. ನಾವೆಲ್ಲ ಟಿವಿ ಮುಂದೆ ಕೂತು ಪಿಚ್‌ಗೆ ಹೊದಿಸಿದ ಟಾರ್ಪಾಲು ನೋಡುತ್ತಿದ್ದೆವು. ಅದೇ ಸಂಜೆ ಫಿನ್ಲೆಂಡಿನ ತಂಪೆರೆಯಲ್ಲಿ ಇನ್ನೊಂದು ಆಟ ನಡೆದಿತ್ತು. ಐಸ್ ಹಾಕಿ ವಿಶ್ವ ಚಾಂಪಿಯನ್‌ಶಿಪ್‌ನ ಕಂಚಿನ ಪದಕದ ಪಂದ್ಯ. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಒಂದು ಕಾಲಕ್ಕೆ ಸೋವಿಯತ್ ಒಕ್ಕೂಟದಲ್ಲಿದ್ದ ಪುಟ್ಟ ದೇಶ ಲಾಟ್ವಿಯಾ. ಆಟ ಮುಗಿಯುತ್ತ ಬಂದರೂ ಲಾಟ್ವಿಯಾ 2-3ರಿಂದ ಹಿಂದೆ ಬಿದ್ದಿತ್ತು. ಆಗ ಕ್ರಿಸ್ತಿಯಾನ್ಸ್ ರುಬಿನ್ಸ್ ಎಂಬ ಡಿಫೆಂಡರ್ ಗೋಲು ಹೊಡೆದು ಸಮ ಮಾಡಿದ. ಹೆಚ್ಚುವರಿ ಸಮಯ ಶುರುವಾಗಿ ಎರಡು ನಿಮಿಷ ಕೂಡ ಆಗಿರಲಿಲ್ಲ, ಅವನೇ ಇನ್ನೊಂದು ಹೊಡೆದ. 4-3.

ಲಾಟ್ವಿಯಾಕ್ಕೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬಂದ ಮೊದಲ ಪದಕ ಅದು. ಆ ರಾತ್ರಿ ರಾಜಧಾನಿ ರಿಗಾದಲ್ಲಿ ಸಂಸತ್ತೂ ಮಲಗಲಿಲ್ಲ. ಸೈಮಾ ಎಂದು ಕರೆಯುವ ಅಲ್ಲಿನ 100 ಸದಸ್ಯರ ಸಂಸತ್ತು ನಡುರಾತ್ರಿ ಹೊತ್ತಿಗೆ ತುರ್ತಾಗಿ ಸೇರಿತು. ಕೆಲವರು ತಂಡದ ಜೆರ್ಸಿ ಹಾಕಿಕೊಂಡೇ ಬಂದಿದ್ದರು. ಚರ್ಚೆಗೆ ವಿಷಯ ಒಂದೇ: ಬೆಳಗಾದರೆ ಸೋಮವಾರ, ಅದಕ್ಕೆ ರಜೆ ಕೊಡಬೇಕು. ಕೊಟ್ಟೇಬಿಟ್ಟರು. ಮರುದಿನ ಬೆಳಿಗ್ಗೆ ಪರೀಕ್ಷೆ ಇಟ್ಟುಕೊಂಡಿದ್ದ ಶಾಲೆಗಳು, ರೋಗಿಗಳಿಗೆ ಸಮಯ ಕೊಟ್ಟಿದ್ದ ಆಸ್ಪತ್ರೆಗಳು, ವಿಚಾರಣೆ ಇದ್ದ ಕೋರ್ಟುಗಳು ತಲೆ ಕೆರೆದುಕೊಂಡವು. ಕಂಪನಿ ನಡೆಸುವವರು ಬೈದುಕೊಂಡರು. ತಂಡವನ್ನು ಹೊತ್ತು ತಂದ ವಿಮಾನ ಮಾತ್ರ ಸ್ವಾತಂತ್ರ್ಯ ಸ್ಮಾರಕದ ಮೇಲೆ ತಗ್ಗಿನಲ್ಲಿ ಹಾರಿಬಂತು. ಕೆಳಗೆ ಸಾವಿರಾರು ಜನ ಕತ್ತೆತ್ತಿ ನಿಂತಿದ್ದರು.

ಲಾಟ್ವಿಯಾದ ಜನಸಂಖ್ಯೆ ಸುಮಾರು 19 ಲಕ್ಷ. ನಮ್ಮ ಮಂಡ್ಯ ಜಿಲ್ಲೆಯಲ್ಲಿ 2011ರ ಜನಗಣತಿ ಹೊತ್ತಿಗೇ 18 ಲಕ್ಷ ಜನ ಇದ್ದರು. ಅಂದರೆ ಒಂದು ಜಿಲ್ಲೆಯಷ್ಟು ಜನ ಸೇರಿ 30 ಕೋಟಿಗೂ ಜಾಸ್ತಿ ಜನರ ಅಮೆರಿಕವನ್ನು ಸೋಲಿಸಿದ ಹಾಗೆ. ಇಂಥ ಕಥೆ ಎಲ್ಲರಿಗೂ ಇಷ್ಟ. ಆಮೇಲೆ ಬಂದ ಬರಹಗಳಲ್ಲೆಲ್ಲ ಎರಡೇ ಪದ: ಛಲ, ಪವಾಡ.

ನನಗೆ ಈ ಎರಡೂ ಪದ ಅಷ್ಟಾಗಿ ರುಚಿಸುವುದಿಲ್ಲ. ಛಲ ಎಲ್ಲ ತಂಡಕ್ಕೂ ಇರುತ್ತದೆ, ಸೋತವರಿಗೂ ಇರುತ್ತದೆ. ಪವಾಡ ಅಂದುಬಿಟ್ಟರೆ ಅಲ್ಲಿಗೆ ಯೋಚನೆ ನಿಂತಿತು. ಲಾಟ್ವಿಯಾದ ಹಾಕಿಯಲ್ಲಿ ನಿಜವಾಗಿ ಬೆರಗು ಹುಟ್ಟಿಸುವ ಸಂಗತಿ ಬೇರೆಯೇ ಇದೆ. 1997ರಲ್ಲಿ ಮೇಲಿನ ದರ್ಜೆಗೆ ಬಂದ ಈ ತಂಡ ಅಲ್ಲಿಂದ ಇಲ್ಲಿಯವರೆಗೆ ಒಂದು ಸಲವೂ ಕೆಳಗೆ ಬಿದ್ದಿಲ್ಲ. ಕಂಚು ಒಂದು ವರ್ಷದ ಮಾತು. ಇದು ಕಾಲು ಶತಮಾನ ದಾಟಿದ ಮಾತು.

ಇದು ಎಷ್ಟು ಕಷ್ಟ ಅನ್ನೋದು ಟೂರ್ನಿಯ ರಚನೆ ನೋಡಿದರೆ ಗೊತ್ತಾಗುತ್ತದೆ. ಮೇಲಿನ ದರ್ಜೆಯಲ್ಲಿ 16 ತಂಡ. ಎಂಟೆಂಟರ ಎರಡು ಗುಂಪು, ಪ್ರತಿ ತಂಡಕ್ಕೂ 7 ಪಂದ್ಯ. ಮೊದಲ ನಾಲ್ಕು ತಂಡ ಕ್ವಾರ್ಟರ್ ಫೈನಲ್‌ಗೆ. ಗುಂಪಿನಲ್ಲಿ ಕಡೆಯ ಸ್ಥಾನ ಬಂದರೆ ಮುಂದಿನ ವರ್ಷ ಕೆಳದರ್ಜೆ. ಕೆನಡಾ, ಅಮೆರಿಕ, ಸ್ವೀಡನ್, ಫಿನ್ಲೆಂಡ್, ಚೆಕ್, ಸ್ವಿಟ್ಜರ್ಲೆಂಡ್ ಇವರಿಗೆ ಈ ಚಿಂತೆಯೇ ಇಲ್ಲ. ಉಳಿದವರಿಗೆ ಪ್ರತಿ ಮೇ ತಿಂಗಳೂ ಅದೇ ಚಿಂತೆ. ಎರಡು ವಾರದಲ್ಲಿ ಒಂದು ಕೆಟ್ಟ ಸಂಜೆ ಸಾಕು. ಒಮ್ಮೆ ಬಿದ್ದರೆ ಟಿವಿ ದುಡ್ಡು ಕಮ್ಮಿ, ಪ್ರಾಯೋಜಕರು ಕಮ್ಮಿ, ದೊಡ್ಡ ತಂಡಗಳ ಜೊತೆ ಆಡುವ ಅವಕಾಶವೂ ಇಲ್ಲ. ಮೇಲೆ ಬರುವುದು ಇನ್ನೂ ಕಷ್ಟ.

ಲಾಟ್ವಿಯಾ ಕೂಡ ಅಂಚಿಗೆ ಹೋಗಿ ಬಂದಿದೆ. 2007ರಲ್ಲಿ ಮತ್ತು 2011ರಲ್ಲಿ 13ನೇ ಸ್ಥಾನ. ಆಗಿನ ನಿಯಮದ ಪ್ರಕಾರ ಕಡೆಯ ನಾಲ್ಕು ತಂಡಗಳು ತಮ್ಮತಮ್ಮಲ್ಲೇ ಆಡಿ ಯಾರು ಉಳಿಯಬೇಕು ಎಂದು ತೀರ್ಮಾನ ಮಾಡಿಕೊಳ್ಳಬೇಕಿತ್ತು. ಎರಡೂ ಸಲ ಲಾಟ್ವಿಯಾ ಉಳಿದುಕೊಂಡಿತು. 13ನೇ ಸ್ಥಾನಕ್ಕೆ ಯಾರೂ ರಜೆ ಕೊಡಲಿಲ್ಲ, ಅದು ಬೇರೆ ಮಾತು.

ಸರಿ, ಹಾಗಾದರೆ ಚಿಕ್ಕ ದೇಶ ಸೋಲುವುದಾದರೂ ಯಾಕೆ? ನಮಗೆ ಹಾಕಿ ಅಂದರೆ ಕೊಡಗು, ಟರ್ಫ್, ಹನ್ನೊಂದು ಜನ. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟರೆ ಅಂಕಣದಲ್ಲಿ ಇರುವುದು ಐದೇ ಜನ. ಆದರೆ ಅವರು ಪೂರ್ತಿ ಹೊತ್ತು ಆಡುವುದಿಲ್ಲ. ಮಂಜುಗಡ್ಡೆ ಮೇಲೆ ಆ ವೇಗದಲ್ಲಿ ಓಡಿದರೆ ಮುಕ್ಕಾಲು ನಿಮಿಷಕ್ಕೇ ಕಾಲು ಉರಿಯತೊಡಗುತ್ತದೆ. ಆಗ ಅವರು ಬೆಂಚಿಗೆ, ಬೇರೆ ಐವರು ಒಳಗೆ. ಆಟ ನಿಲ್ಲುವುದೂ ಇಲ್ಲ. ಗೋಡೆ ಹಾರಿ ಇವರು ಬರುತ್ತಾರೆ, ಅವರು ಇಳಿಯುತ್ತಾರೆ. ಹೀಗೆ ಮುಂಚೂಣಿಯ ಮೂವರು ಫಾರ್ವರ್ಡ್‌ಗಳ ಗುಂಪುಗಳು ನಾಲ್ಕು ಇರುತ್ತವೆ. ಇದಕ್ಕೆ ಲೈನ್ ಅಂತಾರೆ.

ತೊಂದರೆ ಇರುವುದು ಇಲ್ಲೇ. ಚಿಕ್ಕ ದೇಶಕ್ಕೆ ಒಂದು ಒಳ್ಳೆಯ ಲೈನ್ ಸಿಗುತ್ತದೆ, ಅದೃಷ್ಟ ಇದ್ದರೆ ಎರಡು. ಕೆನಡಾದ ನಾಲ್ಕನೇ ಲೈನ್ ಕೂಡ ಲಾಟ್ವಿಯಾದ ಮೊದಲ ಲೈನಿಗೆ ಸಮ. ಹಾಗಾಗಿ ಕೋಚ್ ಏನು ಮಾಡುತ್ತಾನೆ? ಒಳ್ಳೆಯವರನ್ನೇ ಜಾಸ್ತಿ ಆಡಿಸುತ್ತಾನೆ. ಮೊದಲ 20 ನಿಮಿಷ ಸಮಬಲ. ಎರಡನೇ 20 ನಿಮಿಷವೂ ಹೇಗೋ ಆಯಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ಕಾಲು ಕಲ್ಲಾಗಿರುತ್ತದೆ. ಚಿಕ್ಕ ತಂಡಗಳು ಕಡೆಯ ಹತ್ತು ನಿಮಿಷದಲ್ಲಿ ಕುಸಿಯುವುದನ್ನು ನೋಡಿ ನಾವು ಒತ್ತಡ ತಡೆಯಲಿಲ್ಲ ಅಂತೀವಿ. ಒತ್ತಡ ಅಲ್ಲ, ಸುಸ್ತು. (ಒಂದು ತಮಾಷೆ: ನಾಲ್ಕೂ ಲೈನುಗಳನ್ನು ಸಮನಾಗಿ ಓಡಿಸಿ ಎದುರಾಳಿಯನ್ನು ದಣಿಸುವ ಉಪಾಯವನ್ನು ಸೋವಿಯತ್ ಕೋಚ್ ವಿಕ್ಟರ್ ತಿಖೋನೊವ್ ಮೊದಲು ಪಳಗಿಸಿದ್ದು ರಿಗಾದ ದಿನಾಮೊ ತಂಡದಲ್ಲೇ ಎಂದು ಹೇಳುವುದುಂಟು. ಆಮೇಲೆ ಅವರು ಮಾಸ್ಕೋಗೆ ಹೋದರು.)

ಈ ಲೆಕ್ಕದಿಂದ ಹೊರಗೆ ಇರುವವನು ಒಬ್ಬನೇ: ಗೋಲ್‌ಕೀಪರ್. ಅವನು 60 ನಿಮಿಷವೂ ಅಲ್ಲೇ ಇರುತ್ತಾನೆ. ಅವನಿಗೆ ಲೈನ್ ಇಲ್ಲ, ಬದಲಿ ಇಲ್ಲ. ಅವನಂಥವರು ದೇಶಕ್ಕೆ ಒಬ್ಬ ಸಾಕು, ಇಪ್ಪತ್ತು ಬೇಡ. ಅಮೆರಿಕ, ಕೆನಡಾದವರು ಅವನನ್ನು ಪ್ರೀತಿಯಿಂದ ‘ಗೋಲಿ’ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ನೆನಪಾಗಿದ್ದು ಗೋಲಿ ಸೋಡಾ. ಯೋಚಿಸಿದರೆ ಹೋಲಿಕೆ ಸರಿಯಾಗೇ ಇದೆ. ಒಳಗಿನಿಂದ ಎಷ್ಟು ಒತ್ತಡ ಬಂದರೂ ಬಾಯಿಗೆ ಅಡ್ಡ ಕೂತು ತಡೆಯುವುದೇ ಇಬ್ಬರ ಕೆಲಸ.

ಲೆಕ್ಕ ಹಾಕಿ ನೋಡಿ. ಒಂದು ಪಂದ್ಯದಲ್ಲಿ ಎದುರಾಳಿ 30 ಹೊಡೆತ ಹೊಡೆದರು ಅಂತಿಟ್ಟುಕೊಳ್ಳಿ. ನೂರಕ್ಕೆ 90 ತಡೆಯುವ ಗೋಲ್‌ಕೀಪರ್ 3 ಗೋಲು ಬಿಡುತ್ತಾನೆ. 93ಕ್ಕೂ ಸ್ವಲ್ಪ ಮೇಲೆ ತಡೆಯುವವನು 2 ಬಿಡುತ್ತಾನೆ. ಶೇಕಡಾ ಮೂರರ ವ್ಯತ್ಯಾಸ, ಬೆಲೆ ಒಂದು ಗೋಲು. ಐಸ್ ಹಾಕಿಯಲ್ಲಿ ಎಷ್ಟೋ ಪಂದ್ಯ ತೀರ್ಮಾನವಾಗುವುದೇ ಆ ಒಂದು ಗೋಲಿನಲ್ಲಿ. ಅದೇ ಒಂದು ಗೋಲನ್ನು ದಾಳಿಯ ಕಡೆಯಿಂದ ತರಬೇಕು ಅಂದರೆ ನಾಲ್ಕಾರು ಉತ್ತಮ ಫಾರ್ವರ್ಡ್‌ಗಳನ್ನು ಬೆಳೆಸಬೇಕು. ಮಂಡ್ಯದಷ್ಟು ಜನರಲ್ಲಿ ಎಲ್ಲಿಂದ ತರೋದು?

2014ರ ಸೋಚಿ ಒಲಿಂಪಿಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಕ್ವಾರ್ಟರ್ ಫೈನಲ್‌ನಲ್ಲಿ ಕೆನಡಾ ಎದುರು ಲಾಟ್ವಿಯಾ. ಗೋಲಿನಲ್ಲಿ ಕ್ರಿಸ್ತರ್ಸ್ ಗುದ್ಲೆವ್ಸ್ಕಿಸ್, 21 ವರ್ಷದ ಹುಡುಗ. ಅಮೆರಿಕ, ಕೆನಡಾದ ದೊಡ್ಡ ವೃತ್ತಿಪರ ಲೀಗಾದ ಎನ್‌ಎಚ್‌ಎಲ್‌ನಲ್ಲಿ ಆಗಿನ್ನೂ ಒಂದು ಪಂದ್ಯವನ್ನೂ ಆಡಿರಲಿಲ್ಲ. ಎದುರಿಗಿದ್ದವರು ಕೆನಡಾದ ದೊಡ್ಡ ತಾರೆ ಸಿಡ್ನಿ ಕ್ರಾಸ್ಬಿ ಮತ್ತು ಬಳಗ. ಕೆನಡಾ 57 ಹೊಡೆತ ಹೊಡೆಯಿತು, ಅವನು 55 ತಡೆದ. ಲಾಟ್ವಿಯಾ ಹೊಡೆದಿದ್ದು 16, ಅದರಲ್ಲಿ ಒಂದು ಒಳಗೆ ಹೋಯಿತು. ಪಂದ್ಯ ಮುಗಿಯಲು ಸುಮಾರು ಏಳು ನಿಮಿಷ ಇರುವವರೆಗೂ ಸ್ಕೋರು 1-1. ಆಮೇಲೆ ಶೇ ವೆಬರ್ ಹೊಡೆದ ಗೋಲಿನಿಂದ ಕೆನಡಾ ಉಸಿರು ಬಿಟ್ಟಿತು. ಕೊನೆಗೆ ಚಿನ್ನ ಗೆದ್ದವರೂ ಅವರೇ.

ಇನ್ನೊಂದು ಕಡೆಯಿಂದಲೂ ನೋಡೋಣ. ಸ್ಲೊವೇನಿಯಾದ ಜನಸಂಖ್ಯೆ 21 ಲಕ್ಷದ ಆಸುಪಾಸು, ಹೆಚ್ಚುಕಮ್ಮಿ ಲಾಟ್ವಿಯಾದಷ್ಟೇ. ಆ ದೇಶ ಆಂಜೆ ಕೊಪಿತಾರ್‌ನನ್ನು ಕೊಟ್ಟಿತು. ಲಾಸ್ ಏಂಜಲೀಸ್ ಪರ ಎರಡು ಸಲ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದವನು, ಲೈನಿನ ನಡುವೆ ಆಡುವ ಸೆಂಟರ್‌ಗಳಲ್ಲಿ ತನ್ನ ಕಾಲದ ಅತ್ಯುತ್ತಮರಲ್ಲಿ ಒಬ್ಬ. ಈ 25 ವರ್ಷಗಳಲ್ಲಿ ಲಾಟ್ವಿಯಾದಿಂದ ಬಂದ ಯಾವ ಫಾರ್ವರ್ಡ್ ಕೂಡ ಅವನ ಹತ್ತಿರ ಬರುವುದಿಲ್ಲ. ಆದರೂ ಸ್ಲೊವೇನಿಯಾ 2011, 2013, 2015, 2017, 2023ರಲ್ಲಿ ಮೇಲಿನ ದರ್ಜೆಯಿಂದ ಬಿತ್ತು. ಲಿಫ್ಟಿನ ಹಾಗೆ ಮೇಲೆ ಕೆಳಗೆ. ಎನ್‌ಎಚ್‌ಎಲ್ ಸೀಸನ್ ಮುಗಿಯದೆ ಕೊಪಿತಾರ್ ಬರಲಾಗದ ವರ್ಷಗಳೂ ಇದ್ದವು ನಿಜ. ಆದರೆ ಬಂದರೂ ಎಷ್ಟು ಮಾಡಿಯಾನು? ಎಂಥ ಫಾರ್ವರ್ಡ್ ಆದರೂ 60ರಲ್ಲಿ 20 ನಿಮಿಷ ಆಡುತ್ತಾನೆ. ಉಳಿದ 40 ನಿಮಿಷ ಬೆಂಚಿನಲ್ಲಿ ಕೂತು ನೋಡುತ್ತಾನೆ.

ಲಾಟ್ವಿಯಾಕ್ಕೆ ಗೋಲ್‌ಕೀಪರ್‌ಗಳು ಒಬ್ಬರ ಹಿಂದೆ ಒಬ್ಬರು ಸಿಕ್ಕಿದ್ದು ಹೇಗೆ? ಇದಕ್ಕೆ ಖಚಿತ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ನನ್ನ ಊಹೆ ಹೇಳುತ್ತೇನೆ: ಆರ್ತೂರ್ಸ್ ಇರ್ಬೆ. 1967ರಲ್ಲಿ ರಿಗಾದಲ್ಲಿ ಹುಟ್ಟಿದ, ಗಿಡ್ಡ ಆಳು. ಸೋವಿಯತ್ ತಂಡದಲ್ಲಿ ಆಡಿ ವಿಶ್ವ ಚಾಂಪಿಯನ್ ಆದವನು. 1991ರ ಜನವರಿಯಲ್ಲಿ ಸೋವಿಯತ್ ಪಡೆಗಳಿಗೆ ಅಡ್ಡವಾಗಿ ರಿಗಾದ ಬೀದಿಗಳಲ್ಲಿ ಜನ ತಡೆಗೋಡೆ ಕಟ್ಟಿದಾಗ ಅವರ ನಡುವೆ ಇವನೂ ನಿಂತಿದ್ದ. ಆಮೇಲೆ ಅಮೆರಿಕಕ್ಕೆ ಹೋದ. ಅಲ್ಲಿ ಕೋಟಿಗಟ್ಟಲೆ ಸಂಬಳ ಬರುತ್ತಿದ್ದರೂ ಅವನ ಕಾಲಿನ ಪ್ಯಾಡುಗಳು ಹಳೇ ಕಾಲದವು, ಮಾಸಿದವು, ತೇಪೆ ಹಾಕಿದವು. ಹರಿದಾಗ ಸೂಜಿ ದಾರ ಹಿಡಿದು ತಾನೇ ಹೊಲಿಯುತ್ತಿದ್ದ. ಹೊಸದು ಬೇಡ, ಇದೇ ಸರಿ. ನಮ್ಮ ಮನೆಗಳಲ್ಲಿ ಹಳೇ ಪ್ರೆಶರ್ ಕುಕ್ಕರಿಗೆ ಗ್ಯಾಸ್ಕೆಟ್ ಬದಲಿಸಿ ಬದಲಿಸಿ ಓಡಿಸುವ ಹಾಗೆ.

ಸ್ವತಂತ್ರ ಲಾಟ್ವಿಯಾ 1993ರಲ್ಲಿ ಮೂರನೇ ದರ್ಜೆಯಿಂದ ಆಟ ಶುರು ಮಾಡಬೇಕಾಯಿತು. ನಾಲ್ಕೇ ವರ್ಷದಲ್ಲಿ ಮೇಲೆ ಬಂತು. 2000ದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಪಾವೆಲ್ ಬುರೆಯಂಥ ತಾರೆಗಳನ್ನೆಲ್ಲ ಕಟ್ಟಿಕೊಂಡ ರಷ್ಯಾವನ್ನು ಅದರ ಮನೆಯಲ್ಲೇ ಲಾಟ್ವಿಯಾ 3-2ರಿಂದ ಸೋಲಿಸಿತು. ಗೋಲಿನಲ್ಲಿ ಇರ್ಬೆ. ಆ ರಾತ್ರಿಯ ಬಗ್ಗೆ ರಿಗಾದವರು ನಾವು 1983ರ ಲಾರ್ಡ್ಸ್ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಾರೆ. ಅಂಥ ದೇಶದಲ್ಲಿ ಸ್ಕೇಟ್ ಕಟ್ಟಿಕೊಂಡ ಪುಟ್ಟ ಹುಡುಗರು ‘ನಾನು ಗೋಲಿಗೆ ನಿಲ್ತೀನಿ’ ಎಂದು ಜಗಳ ಆಡಿದರೆ ಆಶ್ಚರ್ಯ ಏನಿದೆ? ಬೇರೆ ಕಡೆ ಗೋಲಿಗೆ ನಿಲ್ಲುವುದು ಸರಿಯಾಗಿ ಓಡಲು ಬಾರದವನ ಪಾಲು, ಅಲ್ವಾ?

ಆದರೆ ಒಬ್ಬನೇ ಮನುಷ್ಯನ ಮೇಲೆ ನಿಂತ ಮನೆ ಎಷ್ಟು ಗಟ್ಟಿ? 2021ರ ಮೇ 21. ಕೋವಿಡ್‌ನಿಂದಾಗಿ ರಿಗಾದ ಅರೆನಾದಲ್ಲಿ ಪ್ರೇಕ್ಷಕರೇ ಇಲ್ಲ. ಲಾಟ್ವಿಯಾ ಕೆನಡಾವನ್ನು 2-0ಯಿಂದ ಸೋಲಿಸಿತು, ಇತಿಹಾಸದಲ್ಲೇ ಮೊದಲ ಸಲ. 24 ವರ್ಷದ ಮಾತಿಸ್ ಕಿವ್ಲೆನಿಯೆಕ್ಸ್ 38 ಹೊಡೆತ ತಡೆದ. ಮುಂದೇನಾಯಿತು ನೋಡಿ. ಮೊದಲ ಮೂರೂ ಪಂದ್ಯ ಸೋತ ಕೆನಡಾ ಆ ವರ್ಷ ಚಿನ್ನ ಗೆದ್ದಿತು. ಅವರನ್ನು ಸೋಲಿಸಿದ ಲಾಟ್ವಿಯಾ ಕ್ವಾರ್ಟರ್ ಫೈನಲ್‌ಗೂ ಹೋಗಲಿಲ್ಲ. ದೊಡ್ಡ ದೇಶಕ್ಕೆ ಮೂರು ಸೋಲು ತಡೆದುಕೊಳ್ಳುವ ಶಕ್ತಿ ಇದೆ. ಚಿಕ್ಕ ದೇಶಕ್ಕೆ ಒಂದು ಗೆಲುವನ್ನು ಎರಡು ವಾರ ಎಳೆಯುವ ಶಕ್ತಿ ಇಲ್ಲ. ಆ ಪಂದ್ಯವಾಗಿ ಆರು ವಾರಕ್ಕೆ, ಜುಲೈ 4ರಂದು, ಅಮೆರಿಕದ ಮಿಷಿಗನ್‌ನಲ್ಲಿ ಪಟಾಕಿ ಅವಘಡವೊಂದರಲ್ಲಿ ಕಿವ್ಲೆನಿಯೆಕ್ಸ್ ತೀರಿಕೊಂಡ. ಲಾಟ್ವಿಯಾ ತಂಡದಲ್ಲಿ ಈಗ ಅವನ 80ನೇ ನಂಬರಿನ ಜೆರ್ಸಿ ಯಾರಿಗೂ ಕೊಡುವುದಿಲ್ಲ.

ಮರುವರ್ಷ ಇನ್ನೊಂದು ಏಟು. 2008ರಿಂದ ದಿನಾಮೊ ರಿಗಾ ತಂಡ ಕೆಎಚ್‌ಎಲ್ ಎಂಬ ಲೀಗಿನಲ್ಲಿ ಆಡುತ್ತಿತ್ತು. ಹೆಸರಿಗೆ ಹಲವು ದೇಶಗಳ ಲೀಗು, ನಡೆಸುವವರು ರಷ್ಯನ್ನರು. ರಾಷ್ಟ್ರೀಯ ತಂಡದ ಎಷ್ಟೋ ಆಟಗಾರರು ವರ್ಷವಿಡೀ ಅಲ್ಲಿ ಒಟ್ಟಿಗೆ ಆಡುತ್ತಿದ್ದರು. ಇದು ಸಣ್ಣ ವಿಷಯ ಅಲ್ಲ. ಅಮೆರಿಕದ ತಂಡ ಮೇ ತಿಂಗಳಲ್ಲಿ ಅವಸರದಲ್ಲಿ ಸೇರುತ್ತದೆ. ಇವರು ಮೊದಲೇ ಒಬ್ಬರಿಗೊಬ್ಬರು ಪಳಗಿದವರು. ಪಾಸು ಎಲ್ಲಿಗೆ ಬರುತ್ತದೆ ಎಂದು ನೋಡದೆ ಗೊತ್ತು. ಪ್ರತಿಭೆಯಲ್ಲಿ ಇದ್ದ ಕೊರತೆಯನ್ನು ಈ ಹೊಂದಾಣಿಕೆ ಸ್ವಲ್ಪ ತುಂಬುತ್ತಿತ್ತು.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಮೂರೇ ದಿನದಲ್ಲಿ ದಿನಾಮೊ ರಿಗಾ ಆ ಲೀಗಿನಿಂದ ಹೊರಬಂತು. ಆಮೇಲೆ ಕಾನೂನನ್ನೂ ತಿದ್ದಿದರು: ರಷ್ಯಾ, ಬೆಲಾರುಸ್ ಕ್ಲಬ್ಬುಗಳಿಗೆ ಆಡುವವರಿಗೆ ರಾಷ್ಟ್ರೀಯ ತಂಡದಲ್ಲಿ ಜಾಗವಿಲ್ಲ. ಸೋವಿಯತ್ ಆಳ್ವಿಕೆ ಕಂಡ ದೇಶ ಬೇರೆ ಏನು ಮಾಡಲು ಸಾಧ್ಯವಿತ್ತು? ಆದರೆ ಹಾಕಿಯ ಮಟ್ಟಿಗೆ ಅದು ದೊಡ್ಡ ಖರ್ಚು. ಒಳ್ಳೆಯ ಸಂಬಳ ಕೊಡುತ್ತಿದ್ದ ಮನೆಯ ತಂಡವೇ ಇಲ್ಲವಾಯಿತು. ಆಟಗಾರರು ಚೆಕ್, ಸ್ವಿಟ್ಜರ್ಲೆಂಡ್, ಜರ್ಮನಿ, ಸ್ವೀಡನ್, ಫಿನ್ಲೆಂಡ್ ಅಂತ ಚದುರಿದರು. ವಿಚಿತ್ರ ಏನೆಂದರೆ, ತಂಡವನ್ನು ಆಗ ನಡೆಸುತ್ತಿದ್ದ ಕೋಚ್ ಹಾರಿಸ್ ವಿತೋಲಿನ್ಸ್ ಹಿಂದೆ ರಷ್ಯಾ ರಾಷ್ಟ್ರೀಯ ತಂಡದ ಸಹಾಯಕ ಕೋಚ್ ಆಗಿದ್ದವರು. ಇತಿಹಾಸ ಅಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ.

ಇಷ್ಟೆಲ್ಲ ಆಗಿ ಒಂದು ವರ್ಷಕ್ಕೆ ಕಂಚು ಬಂತು. ಅದಕ್ಕೇ ಜನ ಪವಾಡ ಅಂದದ್ದು. ಆದರೆ 2023ರ ಟೂರ್ನಿಯನ್ನು ಪಂದ್ಯ ಪಂದ್ಯವಾಗಿ ನೋಡಿ. ಮೊದಲ ದಿನ ಕೆನಡಾ ಎದುರು 0-6. ಎಲ್ಲರೂ ಕೈಬಿಟ್ಟಿದ್ದರು. ನಂತರ ಚೆಕ್ ವಿರುದ್ಧ 4-3, ಹೆಚ್ಚುವರಿ ಸಮಯದಲ್ಲಿ. ಗುಂಪಿನ ಕಡೆಯ ಪಂದ್ಯದಲ್ಲಿ ಅಲ್ಲಿಯವರೆಗೆ ಸೋಲೇ ಕಾಣದ ಸ್ವಿಟ್ಜರ್ಲೆಂಡ್ ವಿರುದ್ಧ ಮತ್ತೆ 4-3, ಮತ್ತೆ ಹೆಚ್ಚುವರಿ ಸಮಯ. ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ 3-1. ಇವೆಲ್ಲ ರಿಗಾದಲ್ಲೇ, ತುಂಬಿದ ಅರೆನಾದಲ್ಲಿ, ಡ್ರಮ್ಮು ಬಡಿಯುತ್ತ ‘ಸರೌಯ್, ಲಾಟ್ವಿಯಾ’ ಎಂದು ಕೂಗುವ ಜನರ ಮುಂದೆ. ಕಂಚಿನ ಪಂದ್ಯ ಕೂಡ ಹೆಚ್ಚುವರಿ ಸಮಯದ್ದೇ. ಮೂರು ಸಲ ನಾಣ್ಯ ಚಿಮ್ಮಿದರು, ಮೂರೂ ಸಲ ಇವರ ಕಡೆಗೆ ಬಿತ್ತು. ನಾಣ್ಯ ಚಿಮ್ಮುವ ಹಂತದವರೆಗೆ ತಂಡವನ್ನು ಹೊತ್ತು ತಂದವನು ಯಾರು? 22 ವರ್ಷದ ಗೋಲ್‌ಕೀಪರ್ ಆರ್ತೂರ್ಸ್ ಶಿಲೋವ್ಸ್. ಇಡೀ ಟೂರ್ನಿಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವನಿಗೇ ಬಂತು.

ನಂತರದ 2024, 2025ರಲ್ಲಿ ಲಾಟ್ವಿಯಾ ಕೊನೆಯ ಎಂಟರ ಘಟ್ಟಕ್ಕೂ ತಲುಪಲಿಲ್ಲ. ಇದನ್ನು ಕುಸಿತ ಎಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ಕುಸಿತ ಅಲ್ಲ, ಅದೇ ಅವರ ಸಹಜ ಜಾಗ. ಆ ಜಾಗದಲ್ಲಿ ಗಟ್ಟಿಯಾಗಿ ಕೂತಿದ್ದರೆ ಯಾವಾಗಲೋ ಒಮ್ಮೆ ಇಂಥ ಮೇ ತಿಂಗಳು ಬರುತ್ತದೆ. 2025ರಲ್ಲಿ ಅಂಥ ಸರದಿ ಬಂದದ್ದು ಡೆನ್ಮಾರ್ಕಿಗೆ. 60 ಲಕ್ಷ ಜನರ ದೇಶ, ತನ್ನದೇ ಹೆರ್ನಿಂಗ್ ಊರಿನಲ್ಲಿ ಕೆನಡಾವನ್ನು 2-1ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋಯಿತು. ಗೆಲುವಿನ ಗೋಲು ಬಂದಾಗ ಉಳಿದಿದ್ದದ್ದು ಒಂದು ನಿಮಿಷಕ್ಕಿಂತ ಕಮ್ಮಿ. ಸೆಮಿಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ 7-0ಯಿಂದ ಬಡಿಯಿತು. ನಾಲ್ಕು ಲೈನುಗಳ ಲೆಕ್ಕ ಎರಡೇ ದಿನದಲ್ಲಿ ವಾಪಸ್ ಬಂತು.

ಜನರ ಹುಚ್ಚಿಗೇನೂ ಕೊರತೆಯಿಲ್ಲ. 2015ರ ಎನ್‌ಎಚ್‌ಎಲ್ ಆಲ್-ಸ್ಟಾರ್ ಪಂದ್ಯಕ್ಕೆ ಅಭಿಮಾನಿಗಳು ಆನ್‌ಲೈನ್‌ನಲ್ಲಿ ಮತ ಹಾಕಬೇಕಿತ್ತು. ಅತಿ ಹೆಚ್ಚು ಮತ ಪಡೆದವನು ಕ್ರಾಸ್ಬಿ ಅಲ್ಲ, ಪ್ಯಾಟ್ರಿಕ್ ಕೇನ್ ಅಲ್ಲ. ಬಫಲೋ ತಂಡದ ಸಾಧಾರಣ ಆಟಗಾರ, ಲಾಟ್ವಿಯಾದ ಜೆಮ್ಗುಸ್ ಗಿರ್ಗೆನ್ಸನ್ಸ್. ಬಿದ್ದ ಮತ 15 ಲಕ್ಷಕ್ಕೂ ಜಾಸ್ತಿ. ಒಬ್ಬರೇ ಹಲವು ಸಲ ಹಾಕಬಹುದಿತ್ತು, ಹಾಕಿದರು. ಲಾಟ್ವಿಯಾದಲ್ಲಿ ಆ ದಿನಗಳಲ್ಲಿ ಯಾರಾದರೂ ಬೇರೆ ಕೆಲಸ ಮಾಡಿದರೋ ಇಲ್ಲವೋ.

ಈಗ ಎದುರಿಗಿರುವ ಪ್ರಶ್ನೆ ಬೇರೆ. 2022ರಲ್ಲಿ ರಷ್ಯಾ ಮತ್ತು ಬೆಲಾರುಸ್ ತಂಡಗಳನ್ನು ಹೊರಗಿಟ್ಟಾಗ ಆಸ್ಟ್ರಿಯಾ, ಫ್ರಾನ್ಸ್ ಒಳಗೆ ಬಂದವು. 16ರಲ್ಲಿ ಎರಡು ಜಾಗ ಸಡಿಲವಾಯಿತು. ಅವರು ಮುಂದೊಂದು ದಿನ ವಾಪಸ್ ಬಂದೇ ಬರುತ್ತಾರೆ. ಬಂದ ದಿನ ರಷ್ಯಾ ಕಡೆಯ ಸ್ಥಾನಕ್ಕೆ ಪೈಪೋಟಿ ಮಾಡುವುದಿಲ್ಲ, ಮೊದಲ ಸ್ಥಾನಕ್ಕೆ ಮಾಡುತ್ತದೆ. ಜಾಗ ಕಳೆದುಕೊಳ್ಳುವವರು ಲಾಟ್ವಿಯಾದ ಅಕ್ಕಪಕ್ಕದ ಸಾಲಿನವರು: ನಾರ್ವೆ, ಸ್ಲೊವೇನಿಯಾ, ಹಂಗರಿ, ಆಸ್ಟ್ರಿಯಾ. ಆ ಸಾಲಿನಲ್ಲಿ ನೂಕುನುಗ್ಗಲು ಜಾಸ್ತಿಯಾದಾಗ ಮೊದಲು ತಳ್ಳಿಸಿಕೊಳ್ಳುವವರು ಗೋಲಿನಲ್ಲಿ ಗಟ್ಟಿ ಆಳಿಲ್ಲದವರು.

ರಿಗಾದಲ್ಲಿ ಸದ್ಯಕ್ಕೆ ಆ ಚಿಂತೆ ಇದ್ದಂತಿಲ್ಲ. 2024ರ ಡಿಸೆಂಬರ್ 27ರಂದು ಕೆನಡಾದ ಒಟ್ಟಾವದಲ್ಲಿ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್‌ನ ಪಂದ್ಯ. ಆತಿಥೇಯರ ಎದುರು ಲಾಟ್ವಿಯಾದ ಹುಡುಗರು. ಗೋಲ್‌ಕೀಪರ್ ಲಿನಾರ್ಡ್ಸ್ ಫೆಲ್ಡ್‌ಬರ್ಗ್ಸ್ ತಡೆದ ಹೊಡೆತ 55. ಸೋಚಿಯಲ್ಲಿ ಗುದ್ಲೆವ್ಸ್ಕಿಸ್ ತಡೆದಷ್ಟೇ. 2-2 ಆಗಿ ಶೂಟೌಟ್‌ಗೆ ಹೋಯಿತು. ಕೆನಡಾದ ಎಂಟು ಹುಡುಗರು ಒಬ್ಬೊಬ್ಬರಾಗಿ ಬಂದರು, ಎಂಟನ್ನೂ ತಡೆದ. ಎಂಟನೇ ಸುತ್ತಿನಲ್ಲಿ ಎರಿಕ್ಸ್ ಮಾತೆಯ್ಕೊ ಗೋಲು ಹೊಡೆದ. ಕೆನಡಾದ ಸ್ಟೇಡಿಯಂ ಅದು, ಸದ್ದು ಮಾಡಿದ್ದು ಮೂಲೆಯಲ್ಲಿ ಕೂತಿದ್ದ ಕೆಂಪು-ಬಿಳಿ-ಕೆಂಪು ಬಾವುಟದ ಒಂದಿಷ್ಟು ಜನ ಮಾತ್ರ.